ಸಪ್ಪೆ ಲೋಟ

"ಮೂಸಿ ನೋಡೇ ಅಕ್ಕ," ಎಂದು ತಂಗಿ ಮೇಣ ತುಂಬಿದ ಗಾಜಿನ ಲೋಟವನ್ನು ಅವಳ ಮೂಗಿನ ಕೆಳಗೇ ತಂದು ಹಿಡಿದಳು.

ಅಕ್ಕ ಮೂಸಿದಳು. ಕಣ್ಣು ಅರ್ಧ ಮುಚ್ಚಿ, ತಲೆಯನ್ನು ಸ್ವಲ್ಪ ವಾಲಿಸಿ, ಮೊದಲೆಲ್ಲ ಹೇಗೆ ಮೂಸುತ್ತಿದ್ದಳೋ ಹಾಗೆಯೇ ಮೂಸಿದಳು. ಒಳಗೆ ಹೋದದ್ದು ಬರೀ ಗಾಳಿ. ಕಿತ್ತಳೆಯೂ ಇಲ್ಲ, ಲವಂಗವೂ ಇಲ್ಲ, ಮೇಣದ ವಾಸನೆಯಾದರೂ ಇದೆಯೇ ಎಂದರೆ ಅದೂ ಇಲ್ಲ.

"ಪರವಾಗಿಲ್ಲ," ಎಂದಳು. "ಲವಂಗ ಸ್ವಲ್ಪ ಮುಂದೆ ಬಂದಿದೆ."

"ಹೌದಾ? ನನಗೆ ಕಿತ್ತಳೆನೇ ಮುಂದೆ ಇದೆ ಅನ್ನಿಸ್ತು." ತಂಗಿ ಮತ್ತೊಮ್ಮೆ ಮೂಸಿದಳು. "ಲವಂಗ ಹಿಂದೆ ಎಲ್ಲೋ ನಿಂತಿದೆ. ಆದ್ರೆ ನೀನು ಹೇಳ್ತೀಯಾ ಅಂದ್ರೆ ಇರ್ಬೋದು ಬಿಡು."

ಆ 'ಇರ್ಬೋದು ಬಿಡು' ಕೇಳಿ ಅಕ್ಕನಿಗೆ ಮೈಯೆಲ್ಲ ಉರಿಯಿತು. ಎದುರುತ್ತರ ಕೊಟ್ಟು ಜಗಳಕ್ಕೆ ನಿಂತಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ವಯಸ್ಸಾದವರ ಮಾತಿಗೆ ಹೂಂಗುಟ್ಟಿ ಸುಮ್ಮನಾಗುವ ಸ್ವರ ಅದು. ಅದೂ ಯಾರು? ಚಿಕ್ಕಂದಿನಲ್ಲಿ ಸೀಮೆಎಣ್ಣೆಗೂ ಪನ್ನೀರಿಗೂ ವ್ಯತ್ಯಾಸ ತಿಳಿಯದೆ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದ ಇವಳು. ಹಾಲು ಕೆಟ್ಟಿದೆಯೋ ಇಲ್ಲವೋ ಎಂದು ಅಪ್ಪ ಕೂಗಿ ಕರೆಯುತ್ತಿದ್ದದ್ದು ದೊಡ್ಡವಳನ್ನು. ಮನೆಯಲ್ಲಿ ಎಲ್ಲೋ ಇಲಿ ಸತ್ತಿದೆ, ಎಲ್ಲಿ ಅಂತ ಗೊತ್ತಾಗುತ್ತಿಲ್ಲ ಎಂದು ಪಕ್ಕದ ಮನೆಯವರು ಕರೆದುಕೊಂಡು ಹೋಗುತ್ತಿದ್ದದ್ದೂ ದೊಡ್ಡವಳನ್ನೇ. ಆಗ ಈ ಚಿಕ್ಕವಳು ಲಂಗ ಹಿಡಿದುಕೊಂಡು ಹಿಂದೆ ಹಿಂದೆ ಬಂದು, "ನನಗೂ ಬಂತು, ನನಗೂ ವಾಸನೆ ಬಂತು" ಎಂದು ಸುಳ್ಳು ಹೇಳುತ್ತಿದ್ದಳು.

ದರ್ಜಿಯ ಅಂಗಡಿಯ ಮೇಲಿನ ಒಂದೇ ಕೋಣೆ ಅವರ ಕಾರ್ಖಾನೆ. ಕಾರ್ಖಾನೆ ಅನ್ನುವುದು ಅಕ್ಕನ ಗಂಡನ ತಮಾಷೆ; ಇರುವುದು ಒಂದು ಉದ್ದನೆಯ ಮೇಜು, ಎರಡು ಒಲೆ, ಕುದಿಯುವ ನೀರಿನಲ್ಲಿಟ್ಟು ಮೇಣ ಕರಗಿಸುವ ಹಿಡಿಯ ಪಾತ್ರೆಗಳು, ಒಂದು ತಕ್ಕಡಿ, ಗೋಡೆಯುದ್ದಕ್ಕೂ ಖಾಲಿ ಗಾಜಿನ ಲೋಟಗಳು. ಲೋಟದ ತಳಕ್ಕೆ ಬತ್ತಿ ಅಂಟಿಸಿ, ಸುಗಂಧದ ಎಣ್ಣೆ ಬೆರೆಸಿದ ಬಿಸಿ ಮೇಣ ಹೊಯ್ದು ಆರಲು ಬಿಟ್ಟರೆ ಮೇಣದಬತ್ತಿ ಆಯಿತು. ಹೇಳುವುದಕ್ಕೆ ಇಷ್ಟೇ. ಎಣ್ಣೆ ಎಷ್ಟು, ಯಾವ ಬಿಸಿಯಲ್ಲಿ ಬೆರೆಸಬೇಕು, ಹಚ್ಚಿದಾಗ ಪರಿಮಳ ಕೋಣೆಯ ಮೂಲೆಗೂ ಹೋಗುತ್ತದೆಯೋ ಇಲ್ಲವೋ ಎಂಬುದೆಲ್ಲ ಮೂಗಿನ ಕೆಲಸ. ಈ ಕೆಲಸವನ್ನು ಶುರು ಮಾಡಿದವಳು ಅಕ್ಕ. ನೌಕರಿ ಹೋಗಿ ಮನೆಗೆ ಬಂದು ಕೂತಿದ್ದ ತಂಗಿಯನ್ನು ಕರೆದು ಜೊತೆಗೆ ಹಾಕಿಕೊಂಡವಳೂ ಅವಳೇ.

ಅವರ ಸರಕಿನಲ್ಲಿ ಹೆಚ್ಚಿನ ಪಾಲು ಪೇಟೆಯ ಒಂದು ಸಾಬೂನಿನಂಗಡಿಗೆ ಹೋಗುತ್ತಿತ್ತು. ಆ ಅಂಗಡಿಯಾಕೆ ಕಳೆದ ತಿಂಗಳು ಬಂದು ತಕರಾರು ತೆಗೆದಿದ್ದಳು. ದಿನವಿಡೀ ಮೇಣದಬತ್ತಿ ಉರಿಸಿ ಅಂಗಡಿಯ ಸೂರೆಲ್ಲ ಕಪ್ಪಾಗಿದೆ, ಮಸಿ ಕಡಿಮೆ ಬರುವ ಮೇಣ ಹುಡುಕಿ, ಪರಿಮಳ ಮಾತ್ರ ಕಡಿಮೆಯಾಗಕೂಡದು, ಆಗದಿದ್ದರೆ ಹೇಳಿಬಿಡಿ, ನಾನು ಬೇರೆಯವರನ್ನು ನೋಡಿಕೊಳ್ಳುತ್ತೇನೆ. ಹೋಗುವಾಗ ಬಾಗಿಲಲ್ಲಿ ನಿಂತು ಅಕ್ಕನ ಕೈ ಹಿಡಿದುಕೊಂಡು, "ಯಾವ ಮೇಣ ಅಂತ ನೀವೇ ಹೇಳ್ಬೇಕು. ನಿಮ್ಮ ಮೂಗಿನ ಮೇಲೆ ನನಗೆ ನಂಬಿಕೆ," ಎಂದಿದ್ದಳು. ಆ ನಂಬಿಕೆಯೇ ಈಗ ಅಕ್ಕನ ಕೊರಳಿಗೆ ಸುತ್ತಿಕೊಂಡಿತ್ತು.

ಚಳಿಗಾಲದಲ್ಲಿ ಅಕ್ಕತಂಗಿ ಇಬ್ಬರಿಗೂ ಒಟ್ಟಿಗೆ ಜ್ವರ ಬಂದಿತ್ತು. ಒಂದೇ ಜ್ವರ, ಒಂದೇ ಕೋಣೆ, ಒಂದೇ ಮಾತ್ರೆ. ಇಬ್ಬರಿಗೂ ವಾಸನೆ ಹೋಯಿತು. ಹಾಸಿಗೆಯಲ್ಲಿ ಬಿದ್ದುಕೊಂಡು, ಇನ್ನು ಕಾರ್ಖಾನೆಗೆ ಬೀಗ ಹಾಕಿದ ಹಾಗೆಯೇ ಎಂದು ಇಬ್ಬರೂ ನಕ್ಕಿದ್ದರು. ಒಂದು ಬೆಳಿಗ್ಗೆ ತಂಗಿ ಮುಖ ತೊಳೆಯುತ್ತಿದ್ದವಳು ಸಾಬೂನು ಹಿಡಿದುಕೊಂಡೇ ಓಡಿ ಬಂದಳು. "ಅಕ್ಕ, ಬಂತು ಕಣೇ. ಸೋಪಿನ ವಾಸನೆ ಬಂತು." ಅಕ್ಕನಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇವಳಿಗೆ ಹೇಗೆ ಮೊದಲು ಬಂತು, ಇದ್ದಾಗಲೂ ಏನೂ ಗೊತ್ತಾಗದವಳಿಗೆ ಅದು ಯಾಕೆ ಬೇಕಿತ್ತು ಎಂಬುದೇ ಮೊದಲು ಮನಸ್ಸಿಗೆ ಬಂದದ್ದು. "ನನಗೆ ನಿನ್ನೆನೇ ಬಂತು," ಎಂದುಬಿಟ್ಟಳು. ನಾಳೆಯೋ ನಾಡಿದ್ದೋ ಬಂದೇ ಬರುತ್ತದೆ, ಆಗ ಈ ಸುಳ್ಳು ತಾನಾಗಿಯೇ ನಿಜವಾಗುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಯಾರಿಗೂ ಹೇಳದೆ ಒಮ್ಮೆ ಡಾಕ್ಟರ ಹತ್ತಿರ ಹೋಗಿ ಬಂದಳು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದು ಅವರು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಕಳಿಸಿದರು.

ಈಗ ಚಳಿ ಹೋಗಿ ಸೆಖೆ ಬಂದಿತ್ತು. ಅಷ್ಟು ದಿನವೂ ಅಕ್ಕ ತಕ್ಕಡಿಯನ್ನು ನಂಬಿಕೊಂಡು ಕೆಲಸ ಮಾಡಿದಳು. ಮೊದಲಿಂದ ಬಳಸುತ್ತಿದ್ದ ಪ್ಯಾರಫಿನ್ ಮೇಣ ಅವಳ ಕೈಗೆ ಹತ್ತಿದ್ದು. ಯಾವ ಎಣ್ಣೆ ಎಷ್ಟು ತೂಕ ಎಂಬುದು ಬಾಯಿಪಾಠ. ಮನೆಯಲ್ಲಿ ಹಾಲು ಸೀದರೂ ತಿಳಿಯದೆ ಗಂಡನಿಗೆ ಕೊಟ್ಟು, "ತಲೆಯಲ್ಲಿ ಏನೋ ಯೋಚನೆ" ಎಂದು ಜಾರಿಕೊಂಡಳು. ಅಷ್ಟರಲ್ಲಿ ತಂಗಿಗೆ ಏನಾಯಿತೋ, ಹೋಗಿ ಬಂದ ಮೂಗು ಹೊಸದಾಗಿ ಹುಟ್ಟಿ ಬಂದಂತೆ ಆಯಿತು. ಕಳೆದುಕೊಂಡು ಸಿಕ್ಕಿದ್ದಕ್ಕೋ ಏನೋ, ಕಂಡದ್ದನ್ನೆಲ್ಲ ಮೂಸುತ್ತಿದ್ದಳು. ಹೊಸ ಬಟ್ಟೆ, ಪೆನ್ಸಿಲು, ಕಾಫಿ, ನೀರು ಬಿದ್ದ ಸಿಮೆಂಟು. ಪ್ರತಿ ಸಲವೂ ಅವಳ ಮುಖದಲ್ಲಿ ಒಂದು ತೃಪ್ತಿ. ಅದನ್ನು ಕಂಡರೆ ಅಕ್ಕನಿಗೆ ಆಗುತ್ತಿರಲಿಲ್ಲ. ತನ್ನದೇ ಒಡವೆಯನ್ನು ಕದ್ದು, ತನ್ನೆದುರಿಗೇ ಹಾಕಿಕೊಂಡು ಓಡಾಡುತ್ತಿದ್ದಾಳೆ ಎನ್ನಿಸುತ್ತಿತ್ತು. ಇದು ಅನ್ಯಾಯದ ಯೋಚನೆ ಎಂದು ಗೊತ್ತಿತ್ತು. ಗೊತ್ತಿದ್ದರಿಂದ ಉರಿ ಕಡಿಮೆಯೇನೂ ಆಗಲಿಲ್ಲ.

ಈ ನಡುವೆ ತಂಗಿ ಸೋಯಾ ಮೇಣ ತರಿಸಿದಳು, ತೆಂಗಿನೆಣ್ಣೆ ಬೆರೆತ ಇನ್ನೊಂದು ಮೇಣವನ್ನೂ ತರಿಸಿದಳು. ತೆಂಗಿನದು ಸೆಖೆಗೆ ಮೆತ್ತಗಾಗಿ ಬತ್ತಿಯನ್ನೇ ವಾಲಿಸಿಬಿಡುತ್ತಿತ್ತು. ಅದು ಆಗಿಬರದ್ದೆಂದು ಇಬ್ಬರೂ ಒಪ್ಪಿಕೊಂಡರು. ಸೋಯಾದ ವಿಷಯದಲ್ಲಿ ಮಾತ್ರ ದಿನವೂ ತಕರಾರು.

"ಮಸಿ ಬರಲ್ಲ ಕಣೆ, ಗಾಜು ಹಾಗೇ ಬೆಳ್ಳಗಿರುತ್ತೆ," ಎಂದು ತಂಗಿ.

"ಮೇಲೆಲ್ಲ ಬೂಷ್ಟು ಹಿಡಿದ ಹಾಗೆ ಬಿಳಿ ಬಿಳಿ ಕಟ್ಕೊಳ್ಳುತ್ತಲ್ಲ, ಅದನ್ನ ನೋಡಿ ಯಾರು ತಗೋತಾರೆ?"

"ಹಚ್ಚಿದ್ರೆ ಹೋಗುತ್ತೆ. ಹೊಯ್ದು ಎರಡು ವಾರ ಮುಚ್ಚಿಟ್ರೆ ಪರಿಮಳ ಹೇಗೆ ಏಳುತ್ತೆ ನೋಡು. ನಾನು ಮುಚ್ಚಿಟ್ಟಿದ್ದೀನಿ."

"ಎರಡು ವಾರ ಯಾರು ಕಾಯ್ತಾರೆ? ಪ್ಯಾರಫಿನ್ ಇವತ್ತು ಹೊಯ್ದು ನಾಳೆ ಕೊಡು. ಬತ್ತಿ ಗಿಡ್ಡ ಕತ್ತರಿಸಿದ್ರೆ ಮಸಿನೂ ಅಷ್ಟಕ್ಕಷ್ಟೇ."

ಬಾಯಲ್ಲಿ ಹೀಗೆ ವಾದಿಸುತ್ತಿದ್ದರೂ ಅಕ್ಕನ ನಿಜವಾದ ಭಯ ಬೇರೆ. ಹೊಸ ಮೇಣ ಬಂದರೆ ಎಣ್ಣೆಯ ಲೆಕ್ಕವೆಲ್ಲ ಮೊದಲಿಂದ. ಮೂಸಿ, ತಿದ್ದಿ, ಮತ್ತೆ ಮೂಸಿ ಕಲಿಯಬೇಕು. ಅದನ್ನು ಮಾಡಬಲ್ಲವಳು ಈ ಕೋಣೆಯಲ್ಲಿ ಒಬ್ಬಳೇ. ಸೋಯಾ ಈ ಮೇಜಿನ ಮೇಲೆ ಬಂದ ದಿನ, ತನ್ನ ಕೆಲಸ ಲೋಟ ತೊಳೆಯುವುದಕ್ಕೆ ಇಳಿಯುತ್ತದೆ. ಅದು ಅಕ್ಕನಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟವಿತ್ತು.

ಅಂಗಡಿಯಾಕೆ ಬರುವ ದಿನ ತಂಗಿ ಬೆಳಿಗ್ಗೆಯೇ ಮೇಜು ಒರೆಸಿ ಮೂರು ಲೋಟ ಇಟ್ಟಳು. ಒಂದು ಸೋಯಾ, ಒಂದು ಪ್ಯಾರಫಿನ್, ಎರಡರಲ್ಲೂ ಕಿತ್ತಳೆ-ಲವಂಗ. ಮೂರನೆಯದು ಸಪ್ಪೆ ಲೋಟ. ಸುಗಂಧವನ್ನೇ ಹಾಕದೆ ಬರೀ ಪ್ಯಾರಫಿನ್ ಹೊಯ್ದದ್ದಕ್ಕೆ ಅವರು ಆಡಿಕೊಳ್ಳುತ್ತಿದ್ದ ಹೆಸರು ಅದು. ಎಣ್ಣೆಯಿಂದಾಗಿ ಉರಿಯಲ್ಲಿ ಏನು ವ್ಯತ್ಯಾಸವಾಗುತ್ತದೆ ಎಂದು ನೋಡಲು ಪ್ರತಿ ಸಲವೂ ಒಂದನ್ನು ಪಕ್ಕದಲ್ಲಿ ಇಡುತ್ತಿದ್ದರು. ಈ ಪದ್ಧತಿ ಹಾಕಿಕೊಟ್ಟವಳು ಅಕ್ಕ. ಗಾಜಿನ ಮೇಲೆ ಚೀಟಿ ಅಂಟಿಸಿದರೆ ಚೆನ್ನಾಗಿ ಕಾಣುವುದಿಲ್ಲವೆಂದು, ಲೋಟಗಳ ಕೆಳಗಿನ ಸಾಸರುಗಳ ಅಡಿಯಲ್ಲಿ ತಂಗಿ ಹೆಸರಿನ ಚೀಟಿ ಇಟ್ಟಳು. ಆಮೇಲೆ ಬತ್ತಿ ತರಲು ಪೇಟೆಗೆ ಹೋದಳು.

ಅಕ್ಕ ಒಬ್ಬಳೇ ಉಳಿದಳು. ಸೋಯಾ ಲೋಟ ಎಲ್ಲಕ್ಕಿಂತ ಮುಂದೆ, ಬಂದವರ ಕೈಗೆ ಮೊದಲು ಸಿಗುವ ಹಾಗೆ ಇತ್ತು. ಎಷ್ಟು ಜಾಣೆ ನೋಡು ಎಂದುಕೊಂಡಳು. ತಾನಾಗಿದ್ದರೂ ಹಾಗೆಯೇ ಇಡುತ್ತಿದ್ದಳು, ಆ ಮಾತು ಬೇರೆ. ಕಿಟಕಿಯ ಪಕ್ಕ ಗಾಳಿ ಬೀಸುತ್ತಿತ್ತು, ಬಿಸಿಲೂ ಬೀಳುತ್ತಿತ್ತು. ಸೋಯಾವನ್ನು ಅಲ್ಲಿಗೆ ತಳ್ಳಿದರೆ ಪರಿಮಳ ಗಾಳಿಗೆ ಹೋಗುತ್ತದೆ, ಮೇಲಿನ ಬಿಳಿ ಕಲೆಗಳು ಬಿಸಿಲಿಗೆ ಎದ್ದು ಕಾಣುತ್ತವೆ. ದೊಡ್ಡ ಪಾಪವೇನಲ್ಲ, ಜಾಗ ಬದಲಾಯಿಸುವುದು ಅಷ್ಟೇ ತಾನೇ? ದಾರಿಗೆ ಅಡ್ಡವಾಗಿದ್ದ ಪ್ಯಾರಫಿನ್ ಲೋಟಗಳೆರಡನ್ನೂ ಎತ್ತಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಅವುಗಳ ಸಾಸರುಗಳನ್ನು ಮೇಜಿನ ಮೇಲೆಯೇ ಬಿಟ್ಟು, ಸೋಯಾವನ್ನು ಸಾಸರಿನ ಸಮೇತ ಕಿಟಕಿಯ ಬದಿಗೆ ಸರಿಸಿದಳು.

ಅಷ್ಟರಲ್ಲಿ ಕೆಳಗಿನಿಂದ ದರ್ಜಿ ಕೂಗಿದ. "ಅಕ್ಕಾವ್ರೇ, ಸೋಪಂಗಡಿಯವರು ಬಂದಿದಾರೆ. ನಿಮ್ಮ ತಂಗಿನೂ ಬಂದ್ರು." ಅಕ್ಕ ಗಡಿಬಿಡಿಯಿಂದ ಕಟ್ಟೆಯ ಮೇಲಿನ ಲೋಟಗಳನ್ನು ಎರಡು ಕೈಗೂ ತೆಗೆದುಕೊಂಡು ಕಿಟಕಿಯಿಂದ ಬಗ್ಗಿ, "ಬರ್ಲಿ, ಬರ್ಲಿ," ಎಂದಳು. ತಿರುಗಿ ಮೇಜಿನ ಕಡೆಗೆ ಬಂದವಳು ಅಲ್ಲೇ ನಿಂತಳು. ಯಾವ ಕೈಯಲ್ಲಿ ಯಾವುದು?

ಎರಡೂ ಒಂದೇ ಬಿಳುಪು, ಒಂದೇ ನುಣುಪು. ಬೇರೆ ಯಾರಾದರೂ ಆಗಿದ್ದರೆ ಮೂಗಿನ ಹತ್ತಿರ ತಂದರೆ ಮುಗಿಯುತ್ತಿತ್ತು. ಬೀದಿಯಲ್ಲಿ ಹೋಗುವ ಯಾವ ದಾರಿಹೋಕನೂ ಹೇಳುತ್ತಿದ್ದ. ಅಕ್ಕ ಎಡಗೈಯದನ್ನು ಮೂಸಿದಳು, ಬಲಗೈಯದನ್ನು ಮೂಸಿದಳು, ಉಸಿರು ಎಳೆದೆಳೆದು ಎದೆ ನೋಯುವ ತನಕ ಮೂಸಿದಳು. ಬೆಳಕಿಗೆ ಹಿಡಿದಳು. ಎಣ್ಣೆ ಹಾಕಿದ್ದು ಚೂರು ಹಳದಿ ತಿರುಗಿರಬೇಕು. ಎಡಗಡೆಯದು ಹಳದಿ ಅನ್ನಿಸಿತು. ಕೈ ಬದಲಾಯಿಸಿದಳು, ಆಗಲೂ ಎಡಗಡೆಯದೇ ಹಳದಿ ಅನ್ನಿಸಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಹತ್ತಿರ ಬಂತು. ಆದದ್ದಾಗಲಿ ಎಂದು ಎರಡನ್ನೂ ಎರಡು ಸಾಸರಿನ ಮೇಲೆ ಇಟ್ಟುಬಿಟ್ಟಳು.

ಅಂಗಡಿಯಾಕೆ ಏದುಸಿರು ಬಿಡುತ್ತಾ ಬಂದು ಕುರ್ಚಿಯಲ್ಲಿ ಕೂತಳು. ಮೂಗು ಕೆಂಪಾಗಿತ್ತು, ಕೈಯಲ್ಲಿ ಕರವಸ್ತ್ರ. "ಬರಲೇಬಾರದು ಅಂತಿದ್ದೆ ಕಣ್ರೀ. ನೆಗಡಿ. ಮೂಗು ಗಟ್ಟಿ ಕಟ್ಟಿಬಿಟ್ಟಿದೆ. ಇವತ್ತು ನೀವು ಹೇಳಿದ್ದೇ ವೇದವಾಕ್ಯ."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಜೊತೆಗೆ ಒಂದು ದುರಾಸೆಯೂ ಬಂತು. ಕೇಳುವವಳಿಗೂ ಮೂಗಿಲ್ಲ, ಇನ್ನು ಹೇಳುವವಳದೇ ರಾಜ್ಯ. ತಂಗಿ ಕಿಟಕಿಯ ಪಕ್ಕಕ್ಕೆ ಹೋಗಿದ್ದ ತನ್ನ ಸೋಯಾ ಲೋಟವನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ಇದು ನೋಡಿ," ಎಂದು ಅಕ್ಕ ಪ್ಯಾರಫಿನ್ನಿನ ಸಾಸರಿನ ಮೇಲಿದ್ದ ಲೋಟವನ್ನು ಎತ್ತಿಕೊಂಡು, ಕಣ್ಣು ಅರ್ಧ ಮುಚ್ಚಿ ಮೂಸಿದಳು. "ನಮ್ಮ ಹಳೆ ಮೇಣನೇ. ಬತ್ತಿ ಗಿಡ್ಡ ಮಾಡಿದ್ದೀನಿ, ಮಸಿ ಅಷ್ಟು ಬರಲ್ಲ. ಆದ್ರೆ ಪರಿಮಳ ಮಾತ್ರ ನೋಡಿ, ಮೊದಲು ಕಿತ್ತಳೆ ಸಿಪ್ಪೆ ಸುಲಿದ ಹಾಗೆ ಬರುತ್ತೆ, ಲವಂಗ ಆಮೇಲೆ ನಿಧಾನವಾಗಿ. ಸೋಯಾದಲ್ಲಿ ಇದು ಬರಲ್ಲ. ಅಲ್ಲಿ ಎಲ್ಲ ಮಂಕು." ಹೇಳುತ್ತಾ ಹೇಳುತ್ತಾ ಅವಳಿಗೆ ಹಳೆಯ ಹುರುಪೇ ಬಂತು. "ನೀನೇ ಮೂಸು," ಎಂದು ಲೋಟವನ್ನು ಗೆದ್ದವಳಂತೆ ತಂಗಿಯ ಮುಖಕ್ಕೆ ಹಿಡಿದಳು.

ತಂಗಿ ಮೂಸಿದಳು. "ಅಕ್ಕ, ಇದು..." ಎಂದಳು. ನಿಲ್ಲಿಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ಅವಳ ಕಣ್ಣು ಲೋಟವನ್ನು ಬಿಟ್ಟು ಅಕ್ಕನ ಮುಖಕ್ಕೆ ಏರಿತು, ಅಲ್ಲಿಯೇ ನಿಂತಿತು. ಅಕ್ಕನಿಗೆ ತಕ್ಷಣ ಗೊತ್ತಾಯಿತು. ಕೈಯಲ್ಲಿದ್ದದ್ದು ಸಪ್ಪೆ ಲೋಟ.

"ಏನಂತೆ ಚಿಕ್ಕವರು?" ಎಂದು ಅಂಗಡಿಯಾಕೆ ಮೂಗು ಒರೆಸಿಕೊಂಡಳು.

"ಅಕ್ಕ ಹೇಳಿದ ಹಾಗೇನೇ," ಎಂದಳು ತಂಗಿ.

"ಹಾಗಾದ್ರೆ ಇದನ್ನೇ ಕಟ್ಟಿಕೊಡಿ. ಅಂಗಡಿಯಲ್ಲಿ ನಾಲ್ಕು ದಿನ ಹಚ್ಚಿಡ್ತೀನಿ. ಗಿರಾಕಿಗಳು ಏನಂತಾರೋ ನೋಡಿ ಹೇಳ್ತೀನಿ."

ಈ ಲೋಟ ಅಂಗಡಿಯಲ್ಲಿ ಉರಿದರೆ ಬರುವುದು ಬರೀ ಬೆಳಕು. ಗಿರಾಕಿಗಳು ನಗುತ್ತಾರೆ, ಅಂಗಡಿಯಾಕೆ ನಗುವುದಿಲ್ಲ. ತಂಗಿ ಲೋಟವನ್ನು ಅವಳ ಕೈಯಿಂದ ಬಿಡಿಸಿಕೊಂಡು ಮೇಜಿನ ಆ ತುದಿಗೆ ಹೋದಳು. ಅಲ್ಲಿ ಕಾಗದ ಹರಡಿ, ಬೆನ್ನು ಅಡ್ಡ ಕೊಟ್ಟು ನಿಂತು, ಸಪ್ಪೆ ಲೋಟವನ್ನು ಪಕ್ಕಕ್ಕಿಟ್ಟಳು. ಕೈ ಒಂದು ಗಳಿಗೆ ಕಿಟಕಿಯ ಕಡೆಗೆ, ಅವಳದೇ ಸೋಯಾದ ಕಡೆಗೆ ಚಾಚಿತು. ಅಕ್ಕ ಅದನ್ನು ಕಂಡಳು. ಆಮೇಲೆ ಆ ಕೈ ಹಿಂದಕ್ಕೆ ಬಂದು ಇನ್ನೊಂದು, ಪರಿಮಳವಿದ್ದ ಪ್ಯಾರಫಿನ್ ಲೋಟವನ್ನು ಎತ್ತಿಕೊಂಡಿತು. ಅಂಗಡಿಯಾಕೆ ಪೊಟ್ಟಣ ಹಿಡಿದು, ಸೀನುತ್ತಾ ಇಳಿದು ಹೋದಳು.

ಕೆಳಗೆ ಹೊಲಿಗೆ ಯಂತ್ರ ಓಡಿ, ನಿಂತು, ಮತ್ತೆ ಓಡಿತು.

"ಯಾವಾಗಿಂದ?" ಎಂದಳು ತಂಗಿ.

"ಏನು ಯಾವಾಗಿಂದ?"

"ಅಕ್ಕ."

"ಬರಲೇ ಇಲ್ಲ ಕಣೆ," ಎಂದಳು ಅಕ್ಕ. "ನಿನಗೆ ಬಂತು. ನನಗೆ ಬರಲಿಲ್ಲ."

"ನಿನ್ನೆನೇ ಬಂತು ಅಂದ್ಯಲ್ಲ ಆವತ್ತು."

"ನಿನಗಿಂತ ಮೊದಲು ಬರ್ಬೇಕಿತ್ತು. ಅದಕ್ಕೆ ಅಂದೆ." ಹೇಳಿದ ಮೇಲೆ ಉಳಿದದ್ದನ್ನು ತಡೆಯಲು ಆಗಲಿಲ್ಲ. "ಹೊಟ್ಟೆಕಿಚ್ಚು ಅಂದ್ಕೋ. ಹೊಟ್ಟೆಕಿಚ್ಚೇ. ಕಾಫಿ ಕುಡಿಯೋಕೆ ಮೊದಲು ಲೋಟನ ಮೂಗಿಗೆ ಹಿಡ್ಕೊಂಡು ಕೂರ್ತೀಯಲ್ಲ, ಆಗ ಅದನ್ನ ಕಿತ್ಕೊಂಡು ಚೆಲ್ಲಿಬಿಡ್ಬೇಕು ಅನ್ಸುತ್ತೆ ನನಗೆ. ದಿನಾ ಅನ್ಸುತ್ತೆ."

ತಂಗಿ ಕಿಟಕಿಯ ಕಡೆಗೆ ನೋಡಿದಳು. "ಸೋಯಾನ ಕಿಟಕಿ ಹತ್ರ ಇಟ್ಟಿದ್ದು?"

"ನಾನೇ."

"ನಾನು ಅದಕ್ಕೆ ಎಷ್ಟು ಒದ್ದಾಡಿದ್ದೀನಿ ಗೊತ್ತಾ ನಿನಗೆ?" ತಂಗಿ ಸಪ್ಪೆ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು. "ಅವರೆದುರಿಗೇ ಹೇಳಿಬಿಡೋಣ ಅಂದ್ಕೊಂಡೆ. ನಾಲಿಗೆ ತುದಿಗೆ ಬಂದಿತ್ತು."

"ಮತ್ತೆ ಹೇಳ್ಬೇಕಿತ್ತು. ಸೋಯಾನೇ ಕಟ್ಟಿ ಕೊಡ್ಬೇಕಿತ್ತು. ನಿನ್ನ ಅಯ್ಯೋ ಪಾಪ ಯಾರಿಗೆ ಬೇಕು?" ಅಕ್ಕನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಸೋಲಿಸಿದ್ದರೆ ಸೋಲುತ್ತಿದ್ದಳು, ಉಳಿಸಿದ್ದನ್ನು ನುಂಗುವುದು ಹೇಗೆ?

"ಪಾಪ ಅಂತ ಅಲ್ಲ." ತಂಗಿ ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತಿದ್ದಳು. "ನೀನು ಮೂಸೋದನ್ನ ನೋಡಿದೆ. ನೀನು ಹೇಳೋದನ್ನ ಕೇಳಿದೆ. ಕಿತ್ತಳೆ ಸಿಪ್ಪೆ ಸುಲಿದ ಹಾಗೆ ಅಂದ್ಯಲ್ಲ, ಒಂದು ಗಳಿಗೆ ನನಗೂ ಅದರಲ್ಲಿ ಬಂತು. ಏನೂ ಇಲ್ಲದ ಲೋಟದಲ್ಲಿ. ನನಗೆ ಹಾಗೆ ಹೇಳೋಕೆ ಬರಲ್ಲ ಕಣೆ. ಮೂಗೊಂದು ಇದೆ, ಅಷ್ಟೇ."

ಆ ಮಾತಿನಿಂದ ಸಮಾಧಾನವಾಯಿತೇ ಎಂದು ಅಕ್ಕ ಒಳಗೆ ತಡಕಿದಳು, ಆಗಿರಲಿಲ್ಲ. ಮೂಗೊಂದು ಇದೆಯಂತೆ, ಅಷ್ಟೇ ಅಂತೆ. ಎದ್ದು ಹೋಗಿ ಕಿಟಕಿ ಮುಚ್ಚಿದಳು. ಬಿಸಿಲಲ್ಲಿದ್ದ ಸೋಯಾ ಲೋಟವನ್ನು ತಂದು ತಂಗಿಯ ಮುಂದಿಟ್ಟು, ಬೆಂಕಿಕಡ್ಡಿ ಗೀರಿ ಹಚ್ಚಿದಳು.

"ನಾಳೆ ನಾನೇ ಹೋಗಿ ಇಂಥದ್ದೂ ಒಂದು ಕೊಟ್ಟು ಬರ್ತೀನಿ. ಅವರ ನೆಗಡಿ ಇಳಿದ ಮೇಲೆ ಎರಡನ್ನೂ ಅವರೇ ಹಚ್ಚಿ ನೋಡ್ಲಿ."

"ಏನಂತ ಹೇಳಿ ಕೊಡ್ತೀಯಾ?"

"ದಾರಿಯಲ್ಲಿ ಹೊಳೆಯುತ್ತೆ ಬಿಡು." ಅಕ್ಕ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. "ಈಗ ಹೇಳು."

"ಏನು ಹೇಳ್ಲಿ?"

"ಹೇಗಿದೆ ಅಂತ. ಚೆನ್ನಾಗಿದೆ ಅನ್ಬೇಡ, ಅದನ್ನ ಯಾರು ಬೇಕಾದ್ರೂ ಅಂತಾರೆ. ಮೊದಲು ಯಾವುದು ಬರುತ್ತೆ, ಗಂಟಲಿಗೆ ತಾಗುತ್ತಾ ಇಲ್ಲ ಮೂಗಿನ ತುದಿಯಲ್ಲೇ ನಿಲ್ಲುತ್ತಾ, ಕಿತ್ತಳೆ ಹಣ್ಣೋ ಕಾಯೋ, ಅದನ್ನ ಹೇಳು."

ತಂಗಿ ಒಂದು ಕ್ಷಣ ಅಕ್ಕನನ್ನು ನೋಡಿ ಲೋಟದ ಮೇಲೆ ಬಗ್ಗಿದಳು. ಬತ್ತಿಯ ಸುತ್ತ ಮೇಣ ಕರಗಿ ಸಣ್ಣ ಹೊಂಡವಾಗಿತ್ತು. ಅವಳು ಕಣ್ಣು ಮುಚ್ಚಿ ಉಸಿರು ಎಳೆದುಕೊಂಡಳು. ಮೊದಲು ಹುಬ್ಬು ಗಂಟಿಕ್ಕಿತು, ಆಮೇಲೆ ಅದು ಸಡಿಲವಾಗಿ, ತುಟಿಯ ಅಂಚಿನಲ್ಲಿ ಸಣ್ಣದೊಂದು ನಗು ಬಂತು. ಎದುರಿಗೆ ಅಕ್ಕ ಕೂತಿದ್ದಾಳೆಂಬುದೇ ಅವಳಿಗೆ ಮರೆತುಹೋದ ಹಾಗಿತ್ತು.

"ಏನು?" ಎಂದಳು ಅಕ್ಕ. "ಏನು ಬಂತು?"

"ತಾಳು," ಎಂದಳು ತಂಗಿ, ಕಣ್ಣು ತೆರೆಯದೆ.

ಅಕ್ಕ ತಾಳಿದಳು. ಮೇಜಿಗೆ ಎರಡೂ ಮೊಣಕೈ ಊರಿ, ತಂಗಿಯ ಮುಖವನ್ನೇ ನೋಡುತ್ತಾ ಕೂತಳು. ತಂಗಿ ಮತ್ತೊಮ್ಮೆ ದೀರ್ಘವಾಗಿ ಉಸಿರೆಳೆದಳು, ಅಕ್ಕನಿಗೆ ಗೊತ್ತಿಲ್ಲದೆಯೇ ಅವಳ ಮೂಗಿನ ಹೊಳ್ಳೆಗಳೂ ಅರಳಿದವು.